ಡಿಜಿಟಲ್ ಬಂತು, ಡೀಸೆಲ್ ಹೋಯಿತೇ?



ಸಂಘದ ಲೇವಾದೇವಿಯನ್ನೆಲ್ಲ ಮೊಬೈಲ್ ಫೋನಿನ ಮೂಲಕವೇ ನಡೆಸಬೇಕು, ವಾರದಲ್ಲಿ ಎರಡು ದಿನ ತೆರೆಯುವ ನಮ್ಮ ಉಪಶಾಖೆಗಳನ್ನು ಮುಚ್ಚಬಹುದು ಎಂಬ ಸಲಹೆಯೊಂದು ಆಡಳಿತ ಮಂಡಳಿಯ ಮುಂದೆ ಬಂದಿದೆ. ಕೆಲವು ತರುಣ ಸದಸ್ಯರು ಸಹಿ ಮಾಡಿ ಕೊಟ್ಟಿರುವ ಪತ್ರದಲ್ಲಿ ಮೂರು ಕಾರಣಗಳಿವೆ. ಒಂದು, ಕಾಲ ಉಳಿಯುತ್ತದೆ. ಎರಡು, ಸಂಘಕ್ಕೆ ಖರ್ಚು ಉಳಿಯುತ್ತದೆ. ಮೂರು, ಸದಸ್ಯರ ಓಡಾಟದ ಪೆಟ್ರೋಲು, ಡೀಸೆಲ್ ಉಳಿಯುತ್ತದೆ, ಅದರಿಂದ ದೇಶಕ್ಕೂ ಪರಿಸರಕ್ಕೂ ಒಳ್ಳೆಯದು. ಮೊದಲ ಎರಡನ್ನು ಮಂಡಳಿ ಲೆಕ್ಕ ಹಾಕಿ ನೋಡುತ್ತದೆ. ಮೂರನೆಯದನ್ನು ಮಾತ್ರ ಯಾರೂ ಪ್ರಶ್ನಿಸದೆ ಒಪ್ಪಿಕೊಂಡುಬಿಟ್ಟಿರುವುದರಿಂದ ಅದರ ಬಗ್ಗೆ ನಾಲ್ಕು ಮಾತು ಬರೆಯುವುದು ಅವಶ್ಯಕವೆನಿಸಿತು. ಇದು ಕಾರ್ಯದರ್ಶಿಯ ಸ್ವಂತ ಅಭಿಪ್ರಾಯ, ಮಂಡಳಿಯ ನಿರ್ಣಯವಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಕಾಗದ, ಕಛೇರಿ, ಪ್ರಯಾಣ ಇವು ಕಡಿಮೆಯಾದರೆ ಎಣ್ಣೆ ಉರಿಯುವುದೂ ಕಡಿಮೆಯಾಗಬೇಕು ಎಂಬುದು ಮೇಲ್ನೋಟಕ್ಕೆ ಸರಿಯಾದ ಮಾತೇ. ಹಾಗಾದರೆ ದೇಶದ ಲೆಕ್ಕ ಏನು ಹೇಳುತ್ತದೆ ನೋಡೋಣ. ಮೊಬೈಲಿನಿಂದ ಮೊಬೈಲಿಗೆ ಹಣ ಕಳಿಸುವ ಯುಪಿಐ ಪದ್ಧತಿ ನಮ್ಮಲ್ಲಿ ಆರಂಭವಾದದ್ದು 2016ರಲ್ಲಿ. 2023ರ ಆಗಸ್ಟ್ ತಿಂಗಳೊಂದರಲ್ಲೇ ಅದರ ವಹಿವಾಟುಗಳ ಸಂಖ್ಯೆ 1000 ಕೋಟಿ ದಾಟಿತು. ಇಷ್ಟು ಬೇಗ ಇಷ್ಟು ಡಿಜಿಟಲ್ ಆದ ಬಡ ದೇಶ ಇನ್ನೊಂದಿಲ್ಲ ಎಂದು ಹೊರಗಿನವರೂ ಹೊಗಳುತ್ತಾರೆ. ಇದೇ ಅವಧಿಯಲ್ಲಿ ಎಣ್ಣೆಯ ಲೆಕ್ಕ ಹೀಗಿದೆ: 2014-15ರಲ್ಲಿ ದೇಶದಲ್ಲಿ ಖರ್ಚಾದ ಪೆಟ್ರೋಲು ಸುಮಾರು 1.9 ಕೋಟಿ ಟನ್. 2023-24ರಲ್ಲಿ ಸುಮಾರು 3.7 ಕೋಟಿ ಟನ್. ಡೀಸೆಲ್ 7 ಕೋಟಿ ಟನ್ನಿನ ಹತ್ತಿರವಿದ್ದದ್ದು 9 ಕೋಟಿ ಟನ್ನಿನ ಹತ್ತಿರಕ್ಕೆ ಬಂತು. ಕಲ್ಲಿದ್ದಲು ಉತ್ಪಾದನೆ 61 ಕೋಟಿ ಟನ್ನಿನಿಂದ ಏರುತ್ತ ಏರುತ್ತ 2024-25ರಲ್ಲಿ 100 ಕೋಟಿ ಟನ್ ದಾಟಿತು. ಇಳಿದದ್ದು ಸೀಮೆಎಣ್ಣೆ ಒಂದೇ. ಅದು 70 ಲಕ್ಷ ಟನ್ನಿನಿಂದ 5 ಲಕ್ಷ ಟನ್ನಿನ ಆಸುಪಾಸಿಗೆ ಬಂದಿದೆ. ಅದಕ್ಕೆ ಕಾರಣ ಮನೆಮನೆಗೆ ಬಂದ ಕರೆಂಟು ಮತ್ತು ಗ್ಯಾಸ್ ಸಿಲಿಂಡರು. ಸಿಲಿಂಡರಿನ ಸಬ್ಸಿಡಿ ನೇರವಾಗಿ ಬ್ಯಾಂಕ್ ಖಾತೆಗೆ ಬೀಳುವ ಏರ್ಪಾಡು 2015ರಲ್ಲಿ ದೇಶಾದ್ಯಂತ ಬಂದದ್ದು ಡಿಜಿಟಲ್ ಕೆಲಸವೇ ಸರಿ; ಆದರೆ ಗ್ಯಾಸು ಕೂಡ ನೆಲದೊಳಗಿಂದ ಬರುವ ಇಂಧನವೇ.

ಈ ಅಂಕಿಗಳನ್ನು ಕೊಟ್ಟು ಪೆಟ್ರೋಲು ಏರಲು ಮೊಬೈಲೇ ಕಾರಣ ಎಂದು ವಾದಿಸುವ ಉದ್ದೇಶ ನನಗಿಲ್ಲ. ಜನರ ಕೈಯಲ್ಲಿ ಹಣ ಓಡಾಡಿತು, ರಸ್ತೆಗಳಾದವು, ಮನೆಗೊಂದು ಬೈಕು ಬಂತು. ನಾನು ಹೇಳುವುದು ಇಷ್ಟೇ: ಡಿಜಿಟಲ್ ಆದ ಮಾತ್ರಕ್ಕೆ ಇಂಧನ ತಾನಾಗಿ ಉಳಿಯುತ್ತದೆ ಎಂಬ ಮಾತಿಗೆ ಈ ಖಾತೆಪುಸ್ತಕದಲ್ಲಿ ಆಧಾರ ಸಿಗುವುದಿಲ್ಲ. ಹಾಗಾದರೆ ಎಲ್ಲಿ ಉಳಿಯುತ್ತದೆ, ಎಲ್ಲಿ ಉರಿಯುತ್ತದೆ ಎಂದು ಬಿಡಿಬಿಡಿಯಾಗಿ ನೋಡಬೇಕು.

ಮೊದಲಿಗೆ ಕೈಯಲ್ಲಿರುವ ಫೋನು. ದಿನಕ್ಕೊಮ್ಮೆ ಚಾರ್ಜು ಮಾಡಿದರೂ ವರ್ಷಕ್ಕೆ ಏಳೆಂಟು ಯೂನಿಟ್ ವಿದ್ಯುತ್ ಸಾಕು. ಮನೆಯ ಮಿಕ್ಸಿ, ಗ್ರೈಂಡರ್ ಅದಕ್ಕಿಂತ ಹೆಚ್ಚು ತಿನ್ನುತ್ತವೆ. ಫೋನನ್ನು ತಯಾರಿಸುವಲ್ಲಿ ಆಗುವ ಇಂಧನ ಖರ್ಚು ಅದನ್ನು ಬಳಸುವುದಕ್ಕಿಂತ ಹೆಚ್ಚು. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಹೊಸ ಫೋನು ಬೇಕೆನ್ನುವವರು ಇದನ್ನು ಗಮನಿಸಬಹುದು. ಆದರೆ ಫೋನು ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಅದರ ಹಿಂದೆ ಟವರು, ಟವರಿನ ಹಿಂದೆ ತಂತಿ, ತಂತಿಯ ಹಿಂದೆ ದೊಡ್ಡ ದೊಡ್ಡ ಗಣಕಗಳ ಕಟ್ಟಡಗಳು. ಇಂಧನ ಉರಿಯುವುದು ಅಲ್ಲಿ.

ಟವರಿನ ಕತೆ ನಮಗೆ ಹತ್ತಿರದ್ದು. 2011ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಒಂದು ಸಮಾಲೋಚನಾ ಪತ್ರ ಹೊರಡಿಸಿತು. ಆಗ ದೇಶದಲ್ಲಿ ಸುಮಾರು 3.1 ಲಕ್ಷ ಟವರುಗಳು, ಅವುಗಳಲ್ಲಿ 70 ಭಾಗ ಹಳ್ಳಿಗಳಲ್ಲಿ. ಅವುಗಳಿಗೆ ಬೇಕಾದ ವಿದ್ಯುತ್ತಿನಲ್ಲಿ ನೂರಕ್ಕೆ 40ರಷ್ಟು ಮಾತ್ರ ಲೈನಿನಿಂದ, ಮಿಕ್ಕ 60ರಷ್ಟು ಡೀಸೆಲ್ ಜನರೇಟರಿನಿಂದ ಬರುತ್ತಿತ್ತು. ವರ್ಷಕ್ಕೆ ಉರಿದ ಡೀಸೆಲ್ 200 ಕೋಟಿ ಲೀಟರ್. ಆಗ ಡೀಸೆಲಿಗೆ ಸರ್ಕಾರದ ಸಬ್ಸಿಡಿಯೂ ಇತ್ತು; ರೈತನ ಹೆಸರಿನಲ್ಲಿ ಕೊಟ್ಟ ಸಬ್ಸಿಡಿಯ ಒಂದು ಪಾಲು ಹೀಗೆ ಟವರಿನ ತಳದಲ್ಲಿ ಹೊಗೆಯಾಯಿತು. 2012ರಲ್ಲಿ ದೂರಸಂಪರ್ಕ ಇಲಾಖೆ ಒಂದು ಆದೇಶ ಮಾಡಿತು. 2015ರೊಳಗೆ ಹಳ್ಳಿಯ ಟವರುಗಳಲ್ಲಿ ಅರ್ಧದಷ್ಟು, 2020ರೊಳಗೆ ಮುಕ್ಕಾಲು ಪಾಲು, ಸೌರಶಕ್ತಿಯಂಥ ಮೂಲ ಮತ್ತು ಲೈನಿನ ಕರೆಂಟು ಎರಡನ್ನೂ ಸೇರಿಸಿ ನಡೆಯಬೇಕು ಎಂದು. ಆ ಗುರಿ ಎಷ್ಟು ಮುಟ್ಟಿತೆಂಬುದನ್ನು ಮಳೆಗಾಲದ ರಾತ್ರಿ ಗುಡ್ಡದ ಮೇಲಿನಿಂದ ಕೇಳುವ ಜನರೇಟರಿನ ಸದ್ದೇ ನಮಗೆ ಹೇಳುತ್ತದೆ. ಹಳ್ಳಿಗಳ ವಿದ್ಯುತ್ ಸರಬರಾಜು ಆಗಿನಿಂದ ಸುಧಾರಿಸಿರುವುದು ನಿಜ, ಲಿಥಿಯಂ ಬ್ಯಾಟರಿಗಳು ಬಂದಿರುವುದೂ ನಿಜ. ಆದರೆ ಟವರುಗಳ ಸಂಖ್ಯೆಯೂ ಎಂಟು ಲಕ್ಷದ ಹತ್ತಿರಕ್ಕೆ ಹೋಗಿದೆ.

ಟ್ರಾಯ್ ಕೊಟ್ಟ ಲೆಕ್ಕದಂತೆಯೇ ಟವರಿನ ಜನರೇಟರು ಗಂಟೆಗೆ ಸುಮಾರು ಎರಡು ಲೀಟರ್ ಕುಡಿಯುತ್ತದೆ. ಜುಲೈ ತಿಂಗಳಿನಲ್ಲಿ ನಮ್ಮ ಕಡೆ ಮರ ಬಿದ್ದು ಲೈನು ಹರಿದರೆ ದಿನಕ್ಕೆ ಎಂಟು ಗಂಟೆ ಕರೆಂಟಿಲ್ಲದಿರುವುದು ಅತಿಶಯೋಕ್ತಿಯಲ್ಲ. ಮೂರು ದಿನ ಪೂರ್ತಿ ಇಲ್ಲದಿದ್ದದ್ದೂ ಉಂಟು. ಎಂಟು ಗಂಟೆಗೆ ಹದಿನಾರು ಲೀಟರ್. ಈಗ ಉಪಶಾಖೆಯ ಕಡೆ ಬನ್ನಿ. ಇಪ್ಪತ್ತು ಕಿಲೋಮೀಟರ್ ದೂರದಿಂದ ಬೈಕಿನಲ್ಲಿ ಬಂದು ಹೋಗುವ ಸದಸ್ಯರಿಗೆ ಒಂದು ಲೀಟರ್ ಪೆಟ್ರೋಲು ಬೇಕಾಗುವುದಿಲ್ಲ. ಅಂದರೆ ಹದಿನಾರಕ್ಕೂ ಹೆಚ್ಚು ಸದಸ್ಯರು ಶಾಖೆಗೆ ಬರದೆ ಮನೆಯಲ್ಲೇ ಕೂತು ಉಳಿಸಿದ ಎಣ್ಣೆಯನ್ನು ಒಂದು ಟವರು ಒಂದೇ ದಿನದಲ್ಲಿ ಮುಗಿಸುತ್ತದೆ. ಇದಕ್ಕೆ ಎದುರು ಮಾತೂ ಇದೆ, ಅದನ್ನೂ ಹೇಳಬೇಕು. ಒಂದು ಟವರು ಸೇವೆ ಕೊಡುವುದು ಹದಿನಾರು ಜನಕ್ಕಲ್ಲ, ನೂರಾರು ಮನೆಗೆ. ನಾವು ಶಾಖೆಗೆ ಹೋದರೂ ಬಿಟ್ಟರೂ ಅದು ಉರಿಯುತ್ತಲೇ ಇರುತ್ತದೆ. ಒಪ್ಪಿದೆ. ಹಾಗಿದ್ದ ಮೇಲೆ ನಮ್ಮ ಚಿಂತೆ ಟವರು ಬೇಕೋ ಬೇಡವೋ ಎಂಬುದಲ್ಲ, ಟವರಿಗೆ ಯಾವುದರಿಂದ ಕರೆಂಟು ಎಂಬುದು. ಇದನ್ನು ಬಿಟ್ಟು ಶಾಖೆಯ ಬಾಗಿಲಿಗೆ ಬೀಗ ಹಾಕಿದರೆ ಎಣ್ಣೆಯ ಉಳಿತಾಯದ ಹೆಸರಿನಲ್ಲಿ ಬೇರೇನನ್ನೋ ಉಳಿಸಿದಂತಾಗುತ್ತದೆ.

ಲೈನಿನ ಕರೆಂಟು ಬಂದರೆ ಸಮಸ್ಯೆ ಮುಗಿಯಿತೇ? ದೇಶದ ಒಟ್ಟು ವಿದ್ಯುತ್ತಿನಲ್ಲಿ ಈಚಿನ ವರ್ಷಗಳಲ್ಲೂ ಮುಕ್ಕಾಲಿನಷ್ಟು ಬಂದಿರುವುದು ಕಲ್ಲಿದ್ದಲಿನಿಂದ. ಶಾಖೋತ್ಪನ್ನ ಸ್ಥಾವರದ ಒಂದು ಯೂನಿಟ್ಟಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಉರಿಯಬೇಕು. ನಮ್ಮ ರಾಜ್ಯ ಈ ವಿಷಯದಲ್ಲಿ ಅದೃಷ್ಟವಂತ. 1035 ಮೆಗಾವಾಟಿನ ಶರಾವತಿ ಇದೆ. ಆ ಬೆಳಕಿಗಾಗಿ ಲಿಂಗನಮಕ್ಕಿಯ ನೀರಿಗೆ ತೋಟ ಮನೆ ಬಿಟ್ಟು ಬಂದವರ ಮಕ್ಕಳು ಈ ಸೀಮೆಯಲ್ಲಿ ಎಷ್ಟೋ ಜನ ಇದ್ದಾರೆ. ಪಾವಗಡದಲ್ಲಿ 2050 ಮೆಗಾವಾಟಿನ ಸೌರ ಉದ್ಯಾನ 2019ರ ಕೊನೆಗೆ ಪೂರ್ಣವಾಯಿತು. ಗಾಳಿಯಿಂದ ಬರುವ ವಿದ್ಯುತ್ತೂ ಕಡಿಮೆಯೇನಲ್ಲ. ಆದರೆ ಮಳೆ ಕೈಕೊಟ್ಟ ವರ್ಷ ಈ ಅದೃಷ್ಟವೂ ಕೈಕೊಡುತ್ತದೆ. 2023ರಲ್ಲಿ ಮುಂಗಾರು ಸೋತು ಜಲಾಶಯಗಳು ತುಂಬಲಿಲ್ಲ, ಪಂಪುಸೆಟ್ಟಿನ ಬೇಡಿಕೆ ಅಕಾಲದಲ್ಲಿ ಏರಿತು, ಅಕ್ಟೋಬರಿನಲ್ಲಿ ಸರ್ಕಾರ ವಿದ್ಯುತ್ ಕಾಯ್ದೆಯ ವಿಶೇಷಾಧಿಕಾರ ಬಳಸಿ ರಾಜ್ಯದೊಳಗಿನ ಉತ್ಪಾದಕರೆಲ್ಲ ರಾಜ್ಯಕ್ಕೇ ವಿದ್ಯುತ್ ಕೊಡಬೇಕೆಂದು ಆಜ್ಞೆ ಮಾಡಬೇಕಾಯಿತು. ಆಗ ಕೈಹಿಡಿಯುವುದು ರಾಯಚೂರು, ಬಳ್ಳಾರಿ, ಉಡುಪಿಯ ಕಲ್ಲಿದ್ದಲು ಸ್ಥಾವರಗಳೇ. ಉಡುಪಿಯದಂತೂ ವಿದೇಶದ ಕಲ್ಲಿದ್ದಲನ್ನೇ ನಂಬಿ ಕಟ್ಟಿದ್ದು. ನಮ್ಮ ಕಾಫಿ ಹಡಗು ಹತ್ತುವ ನವಮಂಗಳೂರು ಬಂದರಿನಲ್ಲೇ ಆ ಕಲ್ಲಿದ್ದಲು ಇಳಿಯುತ್ತದೆ.

ದೊಡ್ಡ ಗಣಕ ಕಟ್ಟಡಗಳ ವಿಚಾರ ಇನ್ನೂ ಮುಂದೆ ಬರಲಿದೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2025ರ ಏಪ್ರಿಲಿನಲ್ಲಿ ಕೊಟ್ಟ ವರದಿಯ ಪ್ರಕಾರ 2024ರಲ್ಲಿ ಜಗತ್ತಿನ ದತ್ತಾಂಶ ಕೇಂದ್ರಗಳು ಬಳಸಿದ ವಿದ್ಯುತ್ ಸುಮಾರು 41,500 ಕೋಟಿ ಯೂನಿಟ್. ಅದು ಜಗತ್ತಿನ ಒಟ್ಟು ಬಳಕೆಯಲ್ಲಿ ನೂರಕ್ಕೆ ಒಂದೂವರೆಯಷ್ಟು. 2030ರ ಹೊತ್ತಿಗೆ ಇದು ಎರಡು ಪಟ್ಟು ಮೀರುವ ಅಂದಾಜಿದೆ. ಕೃತಕ ಬುದ್ಧಿಮತ್ತೆ ಎಂಬುದು ಬಂದಮೇಲೆ ಈ ಹಸಿವು ಹೆಚ್ಚಾಗಿದೆ. ಶ್ರೀಮಂತ ದೇಶಗಳ ಪ್ರಶ್ನೆ ಇದು ಎಂದು ನಾವು ಸುಮ್ಮನಿರುವಂತಿಲ್ಲ. ಮುಂಬಯಿ, ಚೆನ್ನೈಗಳಲ್ಲಿ ಇಂಥ ಕಟ್ಟಡಗಳು ಸಾಲುಸಾಲಾಗಿ ಏಳುತ್ತಿವೆ, ವಿಶಾಖಪಟ್ಟಣದಲ್ಲಿ ಇನ್ನೂ ದೊಡ್ಡದೊಂದನ್ನು 2025ರ ಅಕ್ಟೋಬರಿನಲ್ಲಿ ಪ್ರಕಟಿಸಿದ್ದಾರೆ. ಹಗಲು ರಾತ್ರಿ ಒಂದು ನಿಮಿಷ ಬಿಡದೆ ಕರೆಂಟು ಬೇಕೆನ್ನುವ ಗಿರಾಕಿ ಅದು. ರಾತ್ರಿ ಸೂರ್ಯನಿಲ್ಲ, ಸಾಕಷ್ಟು ಬ್ಯಾಟರಿಯೋ ನೀರಿನ ಸಂಗ್ರಹವೋ ಇಲ್ಲದಿದ್ದರೆ ಆ ಹೊತ್ತಿಗೆ ಉರಿಯುವುದು ಕಲ್ಲಿದ್ದಲು. ಕರೆಂಟು ಕೊರತೆಯಾದ ದಿನ ಮೊದಲು ಯಾರ ಫೀಡರು ಆಫ್ ಆಗುತ್ತದೆ, ನಗರದ ಗಣಕ ಕಟ್ಟಡದ್ದೋ ನಮ್ಮ ತೋಟದ ಪಂಪಿನದ್ದೋ, ಎಂಬುದನ್ನು ಓದುಗರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಇನ್ನು ನಮ್ಮ ತೋಟಕ್ಕೇ ಬರೋಣ. ಇಲ್ಲಿ ಡಿಜಿಟಲ್‌ನಿಂದ ಡೀಸೆಲ್ ಖಂಡಿತವಾಗಿ ಉಳಿಯುವ ಒಂದು ಜಾಗವಿದೆ. ಫೆಬ್ರವರಿ, ಮಾರ್ಚಿನಲ್ಲಿ ರೊಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಕಾಲ. ದೊಡ್ಡ ಡೀಸೆಲ್ ಪಂಪು ಗಂಟೆಗೆ ನಾಲ್ಕೈದು ಲೀಟರಿಗೆ ಕಡಿಮೆಯಿಲ್ಲದೆ ಕುಡಿಯುತ್ತದೆ. ಹತ್ತು ಗಂಟೆ ಓಡಿಸಿದರೆ ಐವತ್ತು ಲೀಟರ್. ಮಳೆ ಮೂರು ದಿನದಲ್ಲಿ ಬರುವುದು ನಂಬಿಕೆಯಿಂದ ಗೊತ್ತಾದರೆ ಆ ಐವತ್ತು ಲೀಟರನ್ನು ಕ್ಯಾನಿನಲ್ಲೇ ಉಳಿಸಬಹುದು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಪಂಚಾಯಿತಿಗೊಂದರಂತೆ ತಾನೇ ಲೆಕ್ಕ ಕಳಿಸುವ ಮಳೆಮಾಪಕಗಳನ್ನು ಹಾಕಿದ್ದಾರೆ. ವರುಣಮಿತ್ರ ಎಂಬ ಅವರ ಸಹಾಯವಾಣಿಗೆ ಫೋನು ಮಾಡಿದರೆ ನಮ್ಮ ಹೋಬಳಿಯ ಮುನ್ಸೂಚನೆ ಸಿಗುತ್ತದೆ. ನನ್ನ ಪ್ರಕಾರ ಇಡೀ ಡಿಜಿಟಲ್ ವ್ಯವಸ್ಥೆಯಲ್ಲಿ ಬೆಳೆಗಾರನ ಎಣ್ಣೆ ಉಳಿಸುವ ವಸ್ತು ಇದಕ್ಕಿಂತ ಮಿಗಿಲಾದುದಿಲ್ಲ. ಹಾಗೆಂದು ಅದನ್ನು ಕಣ್ಣುಮುಚ್ಚಿ ನಂಬುವ ಧೈರ್ಯ ಯಾರಿಗೂ ಇಲ್ಲ. ಅರ್ಧಂಬರ್ಧ ಮಳೆ ಬಿದ್ದು ಮೊಗ್ಗು ಕೆಟ್ಟರೆ ವರ್ಷದ ಫಸಲೇ ಹೋಗುತ್ತದೆ. ಹೀಗಾಗಿ ಮುನ್ಸೂಚನೆ ನೋಡಿಯೂ ಪಂಪು ಹಚ್ಚುವವರೇ ಹೆಚ್ಚು. ಇನ್ನೊಂದು ವರ್ಗದವರು ಮಳೆ ಬಂದ ಮೇಲೆ ಬ್ಯಾಕಿಂಗಿಗೆ ಎಷ್ಟು ನೀರು ಬೇಕೆಂದು ಮಾಪಕದ ಲೆಕ್ಕ ನೋಡಿ ಹಾಕುತ್ತಾರೆ. ಅವರ ಉಳಿತಾಯ ಗಟ್ಟಿ.

ಅಡಿಕೆ ತೋಟದವರು ಮೊಬೈಲ್ ಸ್ಟಾರ್ಟರ್ ಬಲ್ಲರು. ರಾತ್ರಿ ಎರಡು ಗಂಟೆಗೆ ತ್ರೀಫೇಸ್ ಬಂದರೆ ಟಾರ್ಚು ಹಿಡಿದು ಹೊಳೆಯ ಬದಿಗೆ ಹೋಗಬೇಕಿತ್ತು. ಈಗ ಹಾಸಿಗೆಯಲ್ಲೇ ಮಲಗಿ ಗುಂಡಿ ಒತ್ತಿದರಾಯಿತು. ಹಾವು, ಕಾಡುಕೋಣದ ಭಯ ತಪ್ಪಿತು. ಇದನ್ನು ಕಂಡುಹಿಡಿದವರಿಗೆ ನಮ್ಮ ಮನೆಯ ಹೆಂಗಸರೆಲ್ಲ ಆಶೀರ್ವಾದ ಮಾಡಿದ್ದಾರೆ. ಆದರೆ ಕರೆಂಟಿನ ಖರ್ಚು? ಮೊದಲು ಎದ್ದು ಹೋಗುವ ಬೇಸರಕ್ಕಾದರೂ ಒಂದು ದಿನ ಬಿಡುತ್ತಿದ್ದೆವು; ಈಗ ಕರೆಂಟು ಬಂದ ಕೂಡಲೇ ಪಂಪು ತಾನೇ ಓಡುವಂತೆ ಆಟೋದಲ್ಲಿ ಇಟ್ಟು ಮರೆತುಬಿಡುತ್ತೇವೆ. ತೋಟದ ಕಪ್ಪಿನಲ್ಲಿ ನೀರು ನಿಂತಿರುವುದನ್ನು ಬೆಳಿಗ್ಗೆ ನೋಡಿ ಕೆಲಸದವರನ್ನು ಬೈಯುತ್ತೇವೆ. ಇಂಗ್ಲೆಂಡಿನ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಎಂಬ ಅರ್ಥಶಾಸ್ತ್ರಜ್ಞ 1865ರಲ್ಲೇ ಕಲ್ಲಿದ್ದಲಿನ ಬಗ್ಗೆ ಪುಸ್ತಕ ಬರೆದು ಇದನ್ನು ಹೇಳಿದ್ದ. ಉಗಿಯಂತ್ರ ಸುಧಾರಿಸಿ ಕಡಿಮೆ ಕಲ್ಲಿದ್ದಲಿನಲ್ಲಿ ಹೆಚ್ಚು ಕೆಲಸ ಮಾಡತೊಡಗಿದಾಗ ಕಲ್ಲಿದ್ದಲು ಉಳಿಯಲಿಲ್ಲ. ಯಂತ್ರ ಅಗ್ಗವಾಗಿ ಎಲ್ಲರೂ ಅದನ್ನೇ ಬಳಸಿ ಕಲ್ಲಿದ್ದಲಿನ ಖರ್ಚು ಇನ್ನೂ ಹೆಚ್ಚಾಯಿತು. ಕಾಲೇಜಿನಲ್ಲಿ ಇದನ್ನು ಓದುವಾಗ ನಮಗೆ ಸಂಬಂಧವಿಲ್ಲದ ಮಾತು ಅನಿಸಿತ್ತು. ಜೆವನ್ಸನಿಗೆ ಮೊಬೈಲ್ ಸ್ಟಾರ್ಟರ್ ತೋರಿಸಬೇಕಿತ್ತು.

ಪಾರ್ಸೆಲ್ಲಿನ ವಿಚಾರವೂ ಹಾಗೆಯೇ. ಸಂತೆಯ ದಿನ ಒಂದು ಜೀಪಿನಲ್ಲಿ ಹತ್ತು ಜನ ಹೋಗಿ ಗೊಬ್ಬರ, ಮೈಲುತುತ್ತ, ಮನೆ ಸಾಮಾನು, ಮಕ್ಕಳ ಪುಸ್ತಕ ಎಲ್ಲ ಒಟ್ಟಿಗೆ ತರುತ್ತಿದ್ದ ಕಾಲವಿತ್ತು. ಈಗ ಒಬ್ಬ ಹುಡುಗ ಹದಿನೈದು ಕಿಲೋಮೀಟರ್ ಬೈಕು ಓಡಿಸಿ ಒಂದು ಜೊತೆ ಚಪ್ಪಲಿ ತಂದು ಕೊಡುತ್ತಾನೆ. ಅಳತೆ ಸರಿಯಾಗದಿದ್ದರೆ ಮರುದಿನ ಅದನ್ನು ಒಯ್ಯಲು ಮತ್ತೆ ಬರುತ್ತಾನೆ. ನಾವು ಸಂತೆಗೆ ಹೋಗುವುದನ್ನು ಬಿಟ್ಟೆವೇ? ಅದೂ ಇಲ್ಲ. ಪಟ್ಟಣದಲ್ಲಿ ಒಂದೇ ಬೀದಿಯ ನಲವತ್ತು ಮನೆಗೆ ಒಂದು ವ್ಯಾನು ಹಂಚಿದರೆ ನಲವತ್ತು ಪ್ರಯಾಣ ಉಳಿದಾವು. ಮನೆಯಿಂದ ಮನೆಗೆ ಒಂದು ಗುಡ್ಡ ದಾಟಬೇಕಾದ ನಮ್ಮ ಸೀಮೆಯಲ್ಲಿ ಆ ಲೆಕ್ಕ ಹೊಂದುವುದಿಲ್ಲ.

ಬೇರೆ ದೇಶಗಳಲ್ಲಿ ಹೇಗೆ ಎಂದು ನೋಡುವುದಾದರೆ ಅಮೆರಿಕ, ಜಪಾನುಗಳನ್ನು ಬಿಟ್ಟು ನಮ್ಮಂತೆಯೇ ಕಾಫಿ ಬೆಳೆಯುವ, ನಮ್ಮಂತೆಯೇ ಈಚೆಗೆ ಡಿಜಿಟಲ್ ಆದ ಎರಡು ದೇಶ ಸಾಕು.

ಕೀನ್ಯಾದ ಸಣ್ಣ ಬೆಳೆಗಾರರು ಹಣ್ಣು ಕಾಫಿಯನ್ನು ತಮ್ಮ ಸಹಕಾರ ಸಂಘದ ಪಲ್ಪಿಂಗ್ ಕೇಂದ್ರಕ್ಕೆ ಒಯ್ದು ಕೊಡುತ್ತಾರೆ. ಆ ದೇಶದಲ್ಲಿ ಎಂ-ಪೆಸಾ ಎಂಬ ಮೊಬೈಲ್ ಹಣದ ಪದ್ಧತಿ 2007ರಲ್ಲೇ, ನಮ್ಮ ಯುಪಿಐಗಿಂತ ಒಂಬತ್ತು ವರ್ಷ ಮೊದಲೇ ಬಂತು. ಅದು ಇಂಧನ ಉಳಿಸಿದ್ದು ಓಡಾಟ ತಪ್ಪಿಸಿ ಮಾತ್ರವಲ್ಲ. 2012ರಿಂದ ಎಂ-ಕೋಪಾ ಎಂಬ ಕಂಪನಿ ಒಂದು ಸಣ್ಣ ಸೌರಫಲಕ, ಬ್ಯಾಟರಿ, ಎರಡು ಮೂರು ದೀಪಗಳ ಗಂಟನ್ನು ಸಾಲದ ಮೇಲೆ ಮಾರತೊಡಗಿತು. ದಿನಕ್ಕಿಷ್ಟು ಎಂದು ಸೀಮೆಎಣ್ಣೆಗೆ ಕೊಡುತ್ತಿದ್ದ ಚಿಲ್ಲರೆಯನ್ನೇ ಮೊಬೈಲಿನಿಂದ ಕಂತಾಗಿ ಕಟ್ಟುವುದು. ಕಂತು ತಪ್ಪಿದರೆ ದೂರದಿಂದಲೇ ದೀಪ ಬಂದ್. ಒಂದೇ ಸಲ ಅಷ್ಟು ಹಣ ಹೊಂದಿಸಲಾಗದ ಲಕ್ಷಾಂತರ ಮನೆಗಳಲ್ಲಿ ಬುಡ್ಡಿದೀಪ ಆರಿದ್ದು ಹೀಗೆ. ಜೊತೆಗೆ ಆ ದೇಶದ ವಿದ್ಯುತ್ತಿನಲ್ಲಿ ಹತ್ತಕ್ಕೆ ಒಂಬತ್ತರಷ್ಟು ಭೂಮಿಯೊಳಗಿನ ಬಿಸಿ, ನೀರು, ಗಾಳಿ, ಬಿಸಿಲಿನಿಂದ ಬರುತ್ತದೆ. ಓಲ್ಕಾರಿಯಾ ಎಂಬಲ್ಲಿ ನೆಲದಿಂದ ಏಳುವ ಬಿಸಿ ಉಗಿಯಿಂದಲೇ ದೊಡ್ಡ ಪಾಲು. ಆದ್ದರಿಂದ ಅಲ್ಲಿ ಲೈನು ಮುಟ್ಟಿದ ಕಡೆ ಮೊಬೈಲಿನ ವ್ಯವಹಾರ ಬೆಳೆದರೂ ಕಲ್ಲಿದ್ದಲು ಉರಿಯುವುದಿಲ್ಲ. ಲೈನು ಮುಟ್ಟದ ಕಡೆ ಅವರ ಟವರಿಗೂ ಡೀಸೆಲ್ಲೇ ಗತಿ.

ವಿಯೆಟ್ನಾಮಿನ ಹೆಸರು ಕೇಳಿದರೆ ರೊಬಸ್ಟಾ ಬೆಳೆಗಾರರಿಗೆ ಎದೆ ಧಸಕ್ಕೆನ್ನುತ್ತದೆ, ಆದರೆ ಈ ವಿಷಯದಲ್ಲಿ ಅವರಿಂದ ತಿಳಿಯುವುದಿದೆ. 2009ರಲ್ಲಿ ಉತ್ತರದ ಬಾಕ್ ನಿನ್ ಪ್ರಾಂತ್ಯದಲ್ಲಿ ಸ್ಯಾಮ್‌ಸಂಗ್ ಕಂಪನಿಯ ಫೋನು ಕಾರ್ಖಾನೆ ಬಂದ ಮೇಲೆ ಆ ದೇಶ ಜಗತ್ತಿಗೇ ಫೋನು ತಯಾರಿಸುವ ದೇಶವಾಯಿತು. ಕಾರ್ಖಾನೆಗೆ ಬೇಕಾದ ಕರೆಂಟಿಗೆ ಕಲ್ಲಿದ್ದಲು ಸ್ಥಾವರ ಕಟ್ಟುತ್ತ ಹೋದರು. ಒಂದು ಕಾಲಕ್ಕೆ ಕಲ್ಲಿದ್ದಲು ರಫ್ತು ಮಾಡುತ್ತಿದ್ದವರು ತರಿಸಿಕೊಳ್ಳುವವರಾದರು. ಅದೇ ಹೊತ್ತಿನಲ್ಲಿ ಸರ್ಕಾರ ಒಳ್ಳೆಯ ದರ ಗೊತ್ತುಮಾಡಿದ್ದರಿಂದ ಸೌರವಿದ್ಯುತ್ತು ಹೆಚ್ಚುಕಡಿಮೆ ಶೂನ್ಯದಿಂದ 2020ರ ಕೊನೆಗೆ 16,500 ಮೆಗಾವಾಟಿಗೆ ಏರಿತು. ಕಾಫಿ ಸೀಮೆಯಾದ ಡಾಕ್ ಲಾಕಿನ ಮಾಳಿಗೆಗಳ ಮೇಲೂ ಫಲಕಗಳು ಬಂದವು. ಆದರೂ 2023ರ ಮೇ, ಜೂನ್ ತಿಂಗಳಲ್ಲಿ ಉತ್ತರದ ಜಲಾಶಯಗಳು ಬತ್ತಿದಾಗ ಫೋನು ಕಾರ್ಖಾನೆಗಳಿರುವ ಕಡೆಯೇ ಕರೆಂಟು ಕಡಿತವಾಯಿತು. ಬಿಸಿಲಿನ ಕರೆಂಟಿದ್ದದ್ದು ದಕ್ಷಿಣದಲ್ಲಿ ಮತ್ತು ನಡುನಾಡಿನಲ್ಲಿ. ಅದನ್ನು ಉತ್ತರಕ್ಕೆ ಒಯ್ಯಲು ಸಾಕಷ್ಟು ತಂತಿಯಿರಲಿಲ್ಲ. ಹಗಲು ಹೊತ್ತು ದಕ್ಷಿಣದ ಸೌರ ಸ್ಥಾವರಗಳನ್ನು ಆಗಾಗ ನಿಲ್ಲಿಸಬೇಕಾಗುತ್ತಿತ್ತು. ಅದಾದ ಮೇಲೆ ಅವರು ಮಾಡಿದ ಕೆಲಸ ಮೆಚ್ಚುವಂಥದು: ಕುವಾಂಗ್ ಟ್ರಾಕಿನಿಂದ ಹನೋಯ್ ಬಳಿಯ ಫೋ ನೋಯ್‌ವರೆಗೆ ಐನೂರು ಕಿಲೋಮೀಟರ್ ದಾಟುವ 500 ಕೆ.ವಿ. ಲೈನನ್ನು 2024ರ ಜನವರಿಯಲ್ಲಿ ಹಿಡಿದು ಆಗಸ್ಟಿನಲ್ಲಿ ಮುಗಿಸಿದರು. ನಮ್ಮಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಬದಲಾಯಿಸಲು ಇಷ್ಟೇ ಕಾಲ ಕಾದ ಸದಸ್ಯರಿದ್ದಾರೆ.

ಈ ಎರಡು ದೇಶಗಳನ್ನು ನೋಡಿ ನನಗೆ ಅನಿಸುವುದು, ನಾವು ಚರ್ಚಿಸಬೇಕಾದದ್ದು ಕಂಬ, ತಂತಿ ಮತ್ತು ಮಾಳಿಗೆಯನ್ನು. ಕೊನೆಯ ಕಂಬದ ಕರೆಂಟು ನೆಟ್ಟಗಿದ್ದರೆ ಡಿಜಿಟಲ್‌ನಿಂದ ಎಣ್ಣೆ ಉಳಿಯುತ್ತದೆ. ಅದು ಕುಂಟುತ್ತಿದ್ದರೆ ಮನೆಗೊಂದು ಇನ್ವರ್ಟರು, ಅಂಗಡಿಗೊಂದು ಜನರೇಟರು, ಗುಡ್ಡಕ್ಕೊಂದು ಡೀಸೆಲ್ ಟವರು. ಮಾರ್ಚಿನಲ್ಲಿ ಎಲ್ಲರೂ ಒಟ್ಟಿಗೆ ಪಂಪು ಹಚ್ಚಿ ವೋಲ್ಟೇಜು ಬಿದ್ದು ಮೋಟಾರು ಸುಟ್ಟವರೇ ಅಲ್ಲವೇ ಮತ್ತೆ ಡೀಸೆಲ್ ಪಂಪಿಗೆ ಹೋಗಿರುವುದು?

ಹೀಗಿರುವಾಗ ಮಂಡಳಿಯ ಮುಂದೆ ನಾನು ಇಡಲಿರುವ ಸಲಹೆಗಳು ಇವು. ಮೊಬೈಲಿನ ಪಾವತಿ, ಧಾರಣೆ ಪಟ್ಟಿ, ಮಳೆಯ ಸೂಚನೆ ಇವೆಲ್ಲ ನಡೆಯಲಿ, ಹೆಚ್ಚಲಿ. ಯುರೋಪಿನವರು ತೋಟದ ಗಡಿಯನ್ನು ಉಪಗ್ರಹದ ನಕ್ಷೆಯಲ್ಲಿ ಕೇಳುವ ಕಾಯ್ದೆ ಮಾಡಿರುವಾಗ ನಮಗೆ ಬೇರೆ ದಾರಿಯೂ ಇಲ್ಲ. ಆದರೆ ಮಳೆಗಾಲದಲ್ಲಿ ಫೋನು ಸತತವಾಗಿ ನಡೆಯುವ ಭರವಸೆ ಸಿಗುವ ತನಕ ಉಪಶಾಖೆ ಮುಚ್ಚಬಾರದು. ಟವರಿನ ಡೀಸೆಲ್ ಮುಗಿದ ದಿನ ಕೂಲಿ ಬಟವಾಡೆಗೆ ಸದಸ್ಯರು ಎಲ್ಲಿಗೆ ಹೋಗಬೇಕು? ಪೇಟೆಯ ಪ್ರಧಾನ ಕಛೇರಿಗೆ, ಬಾಡಿಗೆ ಜೀಪಿನಲ್ಲಿ. ಅಲ್ಲಿ ಉರಿಯುವುದು ಬೈಕಿನ ಒಂದು ಲೀಟರಲ್ಲ.

ಸಂಘದ ಗೋದಾಮಿನ ಮಾಡಿನ ಮೇಲೆ ಸೌರಫಲಕ ಹಾಕಿಸಬೇಕು. ತೋಟದೊಳಗೆ ನೆರಳಿನ ಮರ ಕಡಿದು ಫಲಕ ಹಾಕಿ ಎಂದು ಹೇಳುವಷ್ಟು ಬುದ್ಧಿ ನನಗಿಲ್ಲ, ಕಣದಲ್ಲಿ ಡಿಸೆಂಬರಿನಿಂದ ಕಾಫಿ ಹರವಬೇಕು; ಖಾಲಿ ಬಿಸಿಲಿರುವುದು ಗೋದಾಮಿನ ಮಾಡಿನ ಮೇಲೆ ಮಾತ್ರ. ಬಿಸಿಲಿನ ದಿನ ಒಂದು ಕಿಲೋವಾಟ್ ಫಲಕ ನಾಲ್ಕು ಯೂನಿಟ್ ಕೊಡುತ್ತದೆ. ಆಷಾಢದ ಮೋಡದಲ್ಲಿ ಅದರ ಕಾಲು ಭಾಗ ಬಂದರೂ ಪುಣ್ಯ, ಅದನ್ನು ಮುಚ್ಚಿಡುವುದು ಬೇಡ. ಇನ್ನೊಂದು ವಿಷಯ ಮಾರುವವರು ಮೊದಲು ಹೇಳುವುದಿಲ್ಲ: ಲೈನಿಗೆ ಕರೆಂಟು ಮಾರುವ ಸಾಮಾನ್ಯ ಜೋಡಣೆಯಲ್ಲಿ ಲೈನು ಹೋದರೆ ಫಲಕವೂ ನಿಂತುಬಿಡುತ್ತದೆ. ಲೈನ್‌ಮನ್ ಕಂಬ ಹತ್ತಿದಾಗ ಅಪಾಯವಾಗದಿರಲಿ ಎಂದು ಆ ಏರ್ಪಾಡು. ಆದ್ದರಿಂದ ಬ್ಯಾಟರಿಯಿರುವ ಜೋಡಣೆಯನ್ನೇ ಕೇಳಬೇಕು. ಬೆಲೆ ಹೆಚ್ಚು, ಆದರೆ ಕರೆಂಟಿಲ್ಲದ ದಿನಕ್ಕೆ ಅದೇ ಬೇಕು. ಅಂಥ ದಿನ ಸದಸ್ಯರು ಬಂದು ಫೋನು ಚಾರ್ಜು ಮಾಡಿಕೊಳ್ಳಲಿ, ಶಾಖೆಯ ಗಣಕಯಂತ್ರವೂ ನಡೆಯಲಿ.

ಟವರಿಗೆ ಜಾಗ ಬಾಡಿಗೆ ಕೊಡುವ ಸದಸ್ಯರು ಕರಾರಿಗೆ ಸಹಿ ಹಾಕುವ ಮುಂಚೆ ಸಂಘದ ಕಛೇರಿಗೆ ತಂದು ತೋರಿಸಿ ಎಂದು ವಿನಂತಿ. ಬಾಡಿಗೆಯ ಮೊತ್ತ ಒಂದನ್ನೇ ನೋಡಿ ಸಹಿ ಮಾಡಿದವರಿದ್ದಾರೆ. ಲೈನು, ಬ್ಯಾಟರಿ, ಫಲಕ ಮೂರನ್ನೂ ಹಾಕಬೇಕು, ಜನರೇಟರು ಕೊನೆಗೆ ಮಾತ್ರ ಎಂಬ ಷರತ್ತನ್ನು ಒಬ್ಬೊಬ್ಬರೇ ಕೇಳಿದರೆ ಕಂಪನಿಯವರು ಪಕ್ಕದ ಗುಡ್ಡಕ್ಕೆ ಹೋಗುತ್ತಾರೆ. ಪಕ್ಕದ ಗುಡ್ಡವೂ ನಮ್ಮ ಸದಸ್ಯರದೇ ಆದರೆ ಎಲ್ಲಿಗೆ ಹೋಗುತ್ತಾರೆ?

ವಿದ್ಯುತ್ ಕಂಪನಿಗೆ ಬರೆಯುವ ಅರ್ಜಿಯ ಕರಡು ಸಿದ್ಧವಾಗಿದೆ. ಹೂಮಳೆಯ ಕಾಲದಲ್ಲಿ ಸರದಿಯಂತೆ ಹಗಲು ಹೊತ್ತು ತ್ರೀಫೇಸ್ ಕೊಡಬೇಕೆಂಬುದು ಅದರ ಮುಖ್ಯ ಬೇಡಿಕೆ. ಹಗಲಿನಲ್ಲಾದರೆ ಪಾವಗಡದ ಬಿಸಿಲಿನ ಕರೆಂಟೂ ಇರುತ್ತದೆ, ನಮ್ಮ ನಿದ್ದೆಯೂ ಉಳಿಯುತ್ತದೆ. ಇದಕ್ಕೆ ಬಲ ಬರಬೇಕಾದರೆ ಅಂಕಿಅಂಶ ಬೇಕು. ಪ್ರತಿಯೊಬ್ಬ ಸದಸ್ಯರೂ ಕಳೆದ ಫೆಬ್ರವರಿಯಿಂದ ಮೇ ವರೆಗೆ ತಮ್ಮ ಪಂಪಿಗೆ ಹಾಕಿದ ಡೀಸೆಲ್ ಎಷ್ಟು ಲೀಟರ್, ಸುಟ್ಟ ಮೋಟಾರು ಎಷ್ಟು, ಸರ್ವೆ ನಂಬರಿನ ಹತ್ತಿರದ ಟ್ರಾನ್ಸ್‌ಫಾರ್ಮರ್ ಯಾವುದು ಎಂಬ ಮೂರು ವಿಷಯಗಳನ್ನು ಬರೆದು ಉಪಶಾಖೆಯಲ್ಲಿ ಕೊಡಬೇಕು. ಮೊಬೈಲಿನಲ್ಲಿ ಕಳಿಸಿದರೂ ಆದೀತು. ಮಹಾಸಭೆಗೆ ಹದಿನೈದು ದಿನ ಮುಂಚೆ ಬಂದವುಗಳನ್ನು ಮಾತ್ರ ಪಟ್ಟಿಗೆ ಸೇರಿಸಲು ಸಾಧ್ಯ.